ಕಷ್ಟಕಾಲದಲ್ಲಿ ಕೈಸೇರಿದ ಕೋಟಿ: ದಿಢೀರ್ ಸಿರಿಯ ಹಾಸ್ಯಚಿತ್ರಗಳು, ಹಾಲಿವುಡ್‌ನಿಂದ ದಂಡಿನವರೆಗೆ

ಬಡತನದಲ್ಲಿ ಬೇಯುತ್ತಿರುವ ಊರಿನಲ್ಲಿ ಸಾಧಾರಣ ಮನುಷ್ಯನೊಬ್ಬನಿಗೆ ರಾತ್ರೋರಾತ್ರಿ ದುಡ್ಡು ಬಂದು ಬೀಳುವುದು 1930ರ ದಶಕದ ಹಾಲಿವುಡ್ ಹಾಸ್ಯಚಿತ್ರಗಳ ಮೆಚ್ಚಿನ ಕಥಾವಸ್ತು. ಆ ದುಡ್ಡು ಅವನು ದುಡಿದದ್ದೂ ಅಲ್ಲ, ಕದ್ದದ್ದೂ ಅಲ್ಲ. ಮುಖ ನೋಡದ ಮಾವನೊಬ್ಬನ ಉಯಿಲಿನಿಂದ ಬರಬಹುದು, ಅಪರಿಚಿತ ಸಾಹುಕಾರನ ಚೆಕ್ಕಾಗಿ ಬರಬಹುದು, ಮಾಳಿಗೆಯ ಮೇಲಿನಿಂದ ಹಾರಿಬಿದ್ದ ಕೋಟಿನ ರೂಪದಲ್ಲೂ ಬರಬಹುದು. ದುಡ್ಡು ಹೇಗೆ ಬಂತು ಎಂಬುದು ಮೊದಲ ಹತ್ತು ನಿಮಿಷದಲ್ಲಿ ಮುಗಿದುಹೋಗುವ ವಿಷಯ. ಬಂದ ದುಡ್ಡನ್ನು ಏನು ಮಾಡಬೇಕು ಎಂಬುದೇ ಉಳಿದ ಚಿತ್ರ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದಾನು ಎಂಬ ಗಾದೆಯನ್ನು ಬಲ್ಲ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಗಾದೆ ಮೊದಲೇ ಆ ಮನುಷ್ಯನನ್ನು ಅಲ್ಪನೆಂದು ತೀರ್ಮಾನಿಸಿಬಿಡುತ್ತದೆ. ಹಾಲಿವುಡ್ಡಿನ ಈ ಚಿತ್ರಗಳು ತೀರ್ಪನ್ನು ಕೊನೆಯವರೆಗೂ ತಡೆದಿಡುತ್ತವೆ.

ಈ ಚಿತ್ರಪ್ರಕಾರ ಹುಟ್ಟಿದ ಬಗೆ, ಅದರ ಮುಖ್ಯ ಮಾದರಿಗಳು, ಭಾರತದ ಭಾಷೆಗಳಿಗೆ ಅದು ನಡೆದುಬಂದ ದಾರಿ, ಇಂಗ್ಲಿಷ್ ಚಿತ್ರಗಳ ಪೇಟೆಯಾಗಿದ್ದ ಬೆಂಗಳೂರಿನ ದಂಡು ಪ್ರದೇಶದೊಂದಿಗೆ ಅದಕ್ಕಿರುವ ನಂಟು ಇವನ್ನು ಈ ಲೇಖನ ಕ್ರಮವಾಗಿ ನೋಡುತ್ತದೆ.

ಹಿನ್ನೆಲೆ

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಸಾಲುಸಾಲಾಗಿ ಬಾಗಿಲು ಹಾಕಿದವು. ಮಾತು ಬಂದ ಹೊಸತರಲ್ಲಿ ಜನರನ್ನು ಸೆಳೆದಿದ್ದ ಸಿನಿಮಾ ಮಂದಿರಗಳೂ ಖಾಲಿ ಹೊಡೆಯತೊಡಗಿದವು. ಆಗ ಮಂದಿರದ ಮಾಲೀಕರು ಕಂಡುಕೊಂಡ ಉಪಾಯಗಳಲ್ಲಿ ಒಂದಕ್ಕೆ ‘ಬ್ಯಾಂಕ್ ನೈಟ್’ ಎಂದು ಹೆಸರು. ಮಂದಿರದಲ್ಲಿಟ್ಟ ಪುಸ್ತಕದಲ್ಲಿ ಜನ ಹೆಸರು ಬರೆಸುತ್ತಿದ್ದರು. ವಾರದ ಒಂದು ಗೊತ್ತಾದ ರಾತ್ರಿ ಚೀಟಿ ಎತ್ತಿ, ಹೆಸರು ಬಂದವರಿಗೆ ನಗದು ಬಹುಮಾನ ಕೊಡುತ್ತಿದ್ದರು. ಲಾಟರಿ ಕಾನೂನಿನಿಂದ ತಪ್ಪಿಸಿಕೊಳ್ಳಲು, ಹೆಸರು ಬರೆಸಲು ಟಿಕೆಟ್ ಕೊಳ್ಳಬೇಕಾಗಿಲ್ಲ ಎಂಬ ನಿಯಮವಿತ್ತು. ಆದರೆ ಹೆಸರು ಕೂಗಿದ ಕೆಲವೇ ನಿಮಿಷಗಳಲ್ಲಿ ವೇದಿಕೆಯ ಹತ್ತಿರ ಬಂದು ನಿಲ್ಲಬೇಕಾದ್ದರಿಂದ ಜನ ಟಿಕೆಟ್ ಕೊಂಡು ಒಳಗೇ ಕೂರುತ್ತಿದ್ದರು. ಹೀಗೆ ದಿಢೀರ್ ಸಿರಿಯ ಕನಸು ಪರದೆಗೂ ಬಂತು, ಪರದೆಯ ಮುಂದಿನ ಕುರ್ಚಿಗೂ ಬಂತು.

ಕುಸಿತದ ಅಲೆ ಮೈಸೂರು ಸಂಸ್ಥಾನವನ್ನೂ ಮುಟ್ಟಿತ್ತು. ಬೆಳೆಗಳ ಬೆಲೆ ಇಳಿಯಿತು. ಚೀನಾ, ಜಪಾನ್‌ಗಳಿಂದ ಬಂದ ಅಗ್ಗದ ರೇಷ್ಮೆಯ ಎದುರು ಸಂಸ್ಥಾನದ ರೇಷ್ಮೆ ಬೆಳೆಗಾರರು ನಿಲ್ಲಲಾರದೆ ಹೋದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರು ಪೇಟೆಯ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆಕಂಡದ್ದು ಇಂಥ ದಿನಗಳಲ್ಲೇ. ಆ ಕಷ್ಟದ ವರ್ಷಗಳಲ್ಲಿ ಕನ್ನಡ ಚಿತ್ರರಂಗ ಆರಿಸಿಕೊಂಡದ್ದು ಪುರಾಣವನ್ನು, ಹಾಲಿವುಡ್ ಆರಿಸಿಕೊಂಡದ್ದು ದುಡ್ಡನ್ನು.

ಎಂಟು ಚೆಕ್ಕುಗಳು

ಈ ಪ್ರಕಾರದ ಆರಂಭದ ದೊಡ್ಡ ಮಾದರಿ ಪ್ಯಾರಾಮೌಂಟ್ ಕಂಪನಿಯ ‘ಇಫ್ ಐ ಹ್ಯಾಡ್ ಎ ಮಿಲಿಯನ್’ (1932). ಸಾವಿನ ಹಾಸಿಗೆಯಲ್ಲಿರುವ ಸಾಹುಕಾರ ಜಾನ್ ಗ್ಲಿಡನ್, ಆಸ್ತಿಗಾಗಿ ಬಾಯಿಬಿಟ್ಟು ಕಾದಿರುವ ಬಂಧುಗಳಿಗೆ ಚಿಕ್ಕಾಸೂ ಕೊಡಬಾರದೆಂದು ನಿಶ್ಚಯಿಸುತ್ತಾನೆ. ಊರಿನ ವಿಳಾಸಪಟ್ಟಿ ತೆರೆದು, ಔಷಧಿಯ ಡ್ರಾಪರಿನಿಂದ ಹನಿ ಬೀಳಿಸಿ, ಹನಿ ಬಿದ್ದ ಹೆಸರಿಗೆ ಹತ್ತು ಲಕ್ಷ ಡಾಲರಿನ ಚೆಕ್ ಬರೆಯುತ್ತಾನೆ. ಹಲವು ನಿರ್ದೇಶಕರು ಹಂಚಿಕೊಂಡು ತೆಗೆದ ಈ ಚಿತ್ರ ಎಂಟು ಚೆಕ್ಕುಗಳ ಎಂಟು ಕಥೆ.

ಎಂಟರಲ್ಲಿ ಕೆಲವು ನಗೆಯವು, ಕೆಲವು ಕಹಿ. ಖೋಟಾ ಸಹಿ ಹಾಕಿ ಸಿಕ್ಕಿಬೀಳುವ ಭಯದಲ್ಲಿರುವವನ ಕೈಗೆ ನಿಜವಾದ ಚೆಕ್ ಬಂದರೂ ಅದನ್ನು ನಗದು ಮಾಡಿಕೊಳ್ಳಲು ಅವನು ಯಾವ ಬ್ಯಾಂಕಿಗೂ ಹೋಗುವಂತಿಲ್ಲ. ಕಾರು ಓಡಿಸುವ ಧಿಮಾಕಿನ ಜನರಿಂದ ನೊಂದ ದಂಪತಿ ಸಾಲುಗಟ್ಟಲೆ ಕಾರು ಕೊಂಡು, ರಸ್ತೆಯಲ್ಲಿ ದಾಂಧಲೆ ಮಾಡುವವರ ಗಾಡಿಗಳಿಗೆ ಗುದ್ದಿಸುತ್ತ ಹೊರಡುತ್ತಾರೆ. ವೃದ್ಧಾಶ್ರಮದ ಶಿಸ್ತಿನಲ್ಲಿ ನಲುಗಿದ ಅಜ್ಜಿಯೊಬ್ಬಳಿಗೆ ಅದೇ ದುಡ್ಡು ಸ್ವಾತಂತ್ರ್ಯ ತರುತ್ತದೆ. ಸೈನಿಕನೊಬ್ಬ ಇದು ಏಪ್ರಿಲ್ ಫೂಲ್ ಆಟವೆಂದು ಚೆಕ್ಕನ್ನೇ ಬೇರೆಯವನಿಗೆ ಕೊಟ್ಟುಬಿಡುತ್ತಾನೆ.

ಎಲ್ಲಕ್ಕಿಂತ ಹೆಸರಾದದ್ದು ಅರ್ನ್ಸ್ಟ್ ಲುಬಿಚ್ ನಿರ್ದೇಶಿಸಿದ ಪುಟ್ಟ ತುಣುಕು. ಚಾರ್ಲ್ಸ್ ಲಾಟನ್ ಇದರಲ್ಲಿ ಗುಮಾಸ್ತ. ಸಾಲುಮೇಜುಗಳ ನಡುವೆ ಕೂತು ಲೆಕ್ಕ ಬರೆಯುತ್ತಿರುವಾಗ ಅಂಚೆಯಲ್ಲಿ ಚೆಕ್ ಬರುತ್ತದೆ. ಅವನು ಕುಣಿಯುವುದಿಲ್ಲ, ಕೂಗುವುದಿಲ್ಲ. ಮೆಲ್ಲಗೆ ಎದ್ದು ಮೆಟ್ಟಿಲು ಹತ್ತುತ್ತಾನೆ. ಒಂದು ಬಾಗಿಲು, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಕೊನೆಯ ಬಾಗಿಲಿಗೆ ಮುನ್ನ ಕೋಟು ಕೂದಲು ಸರಿಮಾಡಿಕೊಳ್ಳುತ್ತಾನೆ. ಒಳಗೆ ಕಂಪನಿಯ ಅಧ್ಯಕ್ಷ. ಗುಮಾಸ್ತ ನಾಲಿಗೆ ಚಾಚಿ ಪುರ್ರೆಂದು ಊದಿ ಹಿಂದಿರುಗುತ್ತಾನೆ. ತುಣುಕು ಅಲ್ಲಿಗೆ ಮುಗಿಯಿತು. ಕೆಲಸ ಹೋದೀತೆಂಬ ಅಂಜಿಕೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ಒಂದು ದೇಶ ನೋಡಲು ಕಾದಿದ್ದ ನೋಟ ಅದು. ಭಾಷೆ ಬಾರದವರಿಗೂ ಅದು ತಿಳಿಯುತ್ತದೆ.

ಮಿಸ್ಟರ್ ಡೀಡ್ಸ್

ಫ್ರಾಂಕ್ ಕಾಪ್ರಾ ನಿರ್ದೇಶಿಸಿ, ರಾಬರ್ಟ್ ರಿಸ್ಕಿನ್ ಚಿತ್ರಕಥೆ ಬರೆದ ಕೊಲಂಬಿಯಾ ಕಂಪನಿಯ ‘ಮಿಸ್ಟರ್ ಡೀಡ್ಸ್ ಗೋಸ್ ಟು ಟೌನ್’ (1936) ಈ ಪ್ರಕಾರದ ಶಿಖರ. ಇದಕ್ಕಾಗಿ ಕಾಪ್ರಾ ಅವರಿಗೆ ಶ್ರೇಷ್ಠ ನಿರ್ದೇಶಕನ ಆಸ್ಕರ್ ಎರಡನೆಯ ಬಾರಿ ಬಂತು. ವರ್ಮಾಂಟಿನ ಸಣ್ಣ ಊರಾದ ಮ್ಯಾಂಡ್ರೇಕ್ ಫಾಲ್ಸಿನ ಲಾಂಗ್‌ಫೆಲೊ ಡೀಡ್ಸ್ ಟ್ಯೂಬಾ ವಾದ್ಯ ಊದುತ್ತ, ಶುಭಾಶಯ ಪತ್ರಗಳಿಗೆ ಪದ್ಯ ಬರೆಯುತ್ತ ಇರುವವನು. ಪಾತ್ರ ಗ್ಯಾರಿ ಕೂಪರ್ ಅವರದು. ಇಟಲಿಯಲ್ಲಿ ಕಾರಿನ ಅಪಘಾತದಲ್ಲಿ ಸತ್ತ ಮಾವನ ಎರಡು ಕೋಟಿ ಡಾಲರ್ ಆಸ್ತಿಗೆ ಇವನೇ ವಾರಸುದಾರ. ವಕೀಲರು ಸುದ್ದಿ ತಂದಾಗ ಅವನ ಗಮನ ಟ್ಯೂಬಾದ ಮೇಲೆಯೇ ಇರುತ್ತದೆ.

ನ್ಯೂಯಾರ್ಕಿನಲ್ಲಿ ಅವನ ಸುತ್ತ ವಕೀಲರು, ದೂರದ ನೆಂಟರು, ಒಪೆರಾ ಮಂಡಳಿಯವರು ಮುತ್ತುತ್ತಾರೆ. ಜೀನ್ ಆರ್ಥರ್ ಅಭಿನಯಿಸಿದ ವರದಿಗಾರ್ತಿ ಬೇಬ್ ಬೆನೆಟ್ ಬಡ ಹುಡುಗಿಯಂತೆ ನಟಿಸಿ ಅವನ ಸ್ನೇಹ ಗಳಿಸುತ್ತಾಳೆ. ಅವನ ಹುಚ್ಚಾಟಗಳನ್ನೆಲ್ಲ ಪತ್ರಿಕೆಯಲ್ಲಿ ಗೇಲಿಮಾಡಿ ಬರೆಯುತ್ತಾಳೆ. ಚಿತ್ರದ ತಿರುವು ಬರುವುದು ಜಮೀನು ಕಳೆದುಕೊಂಡ ರೈತನೊಬ್ಬ ಬಂದೂಕು ಹಿಡಿದು ಬಂಗಲೆಗೆ ನುಗ್ಗಿದಾಗ. ಜನ ಹಸಿದಿರುವಾಗ ಕುದುರೆಗೆ ತಿಂಡಿ ತಿನ್ನಿಸುತ್ತೀಯಾ ಎಂದು ಅವನು ಕೂಗಾಡಿ, ಕೊನೆಗೆ ಕುಸಿದು ಅಳುತ್ತಾನೆ. ಡೀಡ್ಸ್ ಅವನನ್ನು ಊಟಕ್ಕೆ ಕೂರಿಸುತ್ತಾನೆ. ಹಸಿದವನು ಉಣ್ಣುವುದನ್ನು ಸುಮ್ಮನೆ ನೋಡುತ್ತಾನೆ. ಮರುದಿನದಿಂದ ಅವನ ಯೋಜನೆ ಶುರು: ಎರಡು ಸಾವಿರ ಕುಟುಂಬಗಳಿಗೆ ತಲಾ ಹತ್ತು ಎಕರೆ ಜಮೀನು, ಒಂದು ಕುದುರೆ, ಒಂದು ಹಸು, ಬಿತ್ತನೆಬೀಜ. ಮೂರು ವರ್ಷ ಉತ್ತು ಬಿತ್ತಿದವರಿಗೆ ಜಮೀನು ಸ್ವಂತ.

ದುಡ್ಡು ಹಂಚಲು ಹೊರಟವನಿಗೆ ತಲೆ ಕೆಟ್ಟಿದೆ ಎಂದು ವಕೀಲರು ದಾವೆ ಹೂಡುತ್ತಾರೆ. ನ್ಯಾಯಾಲಯದ ದೃಶ್ಯ ಹಾಲಿವುಡ್ ಹಾಸ್ಯದ ಪಾಠದಂತಿದೆ. ಊರಿನಿಂದ ಕರೆಸಿದ ಇಬ್ಬರು ಮುದುಕಿಯರು ಅವನಿಗೆ ಗಾಳಿ ಮೆಟ್ಟಿದೆ ಎಂಬರ್ಥದ ಮಾತು ಹೇಳುತ್ತಾರೆ. ಬಹಳ ಹೊತ್ತು ಬಾಯಿ ತೆರೆಯದ ಡೀಡ್ಸ್ ಕೊನೆಗೆ ಎದ್ದು ಕೋರ್ಟಿನಲ್ಲಿ ಕೂತವರನ್ನೇ ತೋರಿಸುತ್ತಾನೆ. ಒಬ್ಬ ಉಗುರು ಕಡಿಯುತ್ತಾನೆ, ಹುಚ್ಚು ಪರೀಕ್ಷಿಸಲು ಬಂದ ವೈದ್ಯ ಕಾಗದದ ಮೇಲೆ ಗೀಚುತ್ತಾನೆ, ನ್ಯಾಯಾಧೀಶರು ಅಕ್ಷರಗಳ ಸೊನ್ನೆಗಳಿಗೆ ಮಸಿ ತುಂಬುತ್ತಾರೆ. ಮತ್ತೆ ಕೇಳಿದರೆ ಮುದುಕಿಯರು, ತಮ್ಮಿಬ್ಬರನ್ನು ಬಿಟ್ಟು ಊರಿಗೆ ಊರೇ ಗಾಳಿ ಮೆಟ್ಟಿದ ಜನ ಎನ್ನುತ್ತಾರೆ. ಡೀಡ್ಸ್ ಗೆಲ್ಲುತ್ತಾನೆ. ಜಗತ್ತು ಹುಚ್ಚೆನ್ನುವ ಕೆಲಸವೇ ವಿವೇಕದ ಕೆಲಸ ಎಂಬ ಈ ತಿರುಗುಮುರುಗಿನ ಮೇಲೆ ಇಡೀ ಚಿತ್ರ ನಿಂತಿದೆ.

ಕೋಟು, ಘೋಷವಾಕ್ಯ, ಗುಡಿಸಲು

ಕಾಪ್ರಾ ದುಡ್ಡನ್ನು ಗುಣದ ಪರೀಕ್ಷೆಯಾಗಿ ಕಂಡರೆ, ಪ್ರೆಸ್ಟನ್ ಸ್ಟರ್ಜಸ್ ಅದನ್ನು ಬರೀ ವದಂತಿಯಾಗಿ ಕಂಡರು. ಅವರು ಚಿತ್ರಕಥೆ ಬರೆದ, ಮಿಚೆಲ್ ಲೈಸನ್ ನಿರ್ದೇಶಿಸಿದ ‘ಈಸಿ ಲಿವಿಂಗ್’ನಲ್ಲಿ (1937) ಬ್ಯಾಂಕರೊಬ್ಬ ಹೆಂಡತಿಯ ಮೇಲಿನ ಸಿಟ್ಟಿಗೆ 58,000 ಡಾಲರಿನ ತುಪ್ಪಳದ ಕೋಟನ್ನು ಮಾಳಿಗೆಯಿಂದ ಎಸೆಯುತ್ತಾನೆ. ಅದು ಬಸ್ಸಿನಲ್ಲಿ ಕೂತ ಸಂಬಳದ ಹುಡುಗಿ ಮೇರಿ ಸ್ಮಿತ್ ತಲೆಯ ಮೇಲೆ ಬೀಳುತ್ತದೆ. ಜೇಬಿನಲ್ಲಿ ಊಟಕ್ಕೂ ಕಾಸಿಲ್ಲದವಳ ಮೈಮೇಲೆ ಆ ಕೋಟು ಕಂಡದ್ದೇ ತಡ, ಹೋಟೆಲ್ಲಿನವರು ಕೋಣೆ ಕೊಡುತ್ತಾರೆ, ಅಂಗಡಿಯವರು ಸಾಮಾನು ತಂದು ಸುರಿಯುತ್ತಾರೆ, ಷೇರುಪೇಟೆಯೇ ಅವಳ ಬಾಯಿಮಾತಿಗೆ ಏರಿಳಿಯುತ್ತದೆ. ಸ್ಟರ್ಜಸ್ ತಾವೇ ನಿರ್ದೇಶಿಸಿದ ‘ಕ್ರಿಸ್ಮಸ್ ಇನ್ ಜುಲೈ’ನಲ್ಲಿ (1940) ಕಾಫಿ ಕಂಪನಿಯ ಘೋಷವಾಕ್ಯ ಸ್ಪರ್ಧೆಯಲ್ಲಿ 25,000 ಡಾಲರ್ ಗೆದ್ದೆನೆಂದು ಗುಮಾಸ್ತನೊಬ್ಬ ನಂಬುತ್ತಾನೆ. ನಂಬಿಸಿದ್ದು ಜೊತೆ ಕೆಲಸಗಾರರ ಸುಳ್ಳು ತಂತಿ. ಅವನು ಮೊದಲು ಮಾಡುವುದು ತನ್ನ ವಠಾರದ ಬೀದಿಗೆಲ್ಲ ಉಡುಗೊರೆ ಕೊಳ್ಳುವ ಕೆಲಸ. ಗೆದ್ದನೆಂಬ ಸುದ್ದಿ ಬಂದೊಡನೆ ಅವನ ಹಳೆಯ ಆಲೋಚನೆಗಳೇ ಮೇಲಧಿಕಾರಿಗಳಿಗೆ ಜಾಣತನವಾಗಿ ಕಾಣತೊಡಗುತ್ತವೆ. ಮನುಷ್ಯ ಬದಲಾಗಿಲ್ಲ, ಅವನ ಬೆಲೆ ಬದಲಾಗಿದೆ.

ಗ್ರೆಗರಿ ಲಾ ಕಾವಾ ಅವರ ‘ಮೈ ಮ್ಯಾನ್ ಗಾಡ್‌ಫ್ರೇ’ (1936) ಇದೇ ಕಥೆಯನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಕಸದ ದಿಬ್ಬದ ಗುಡಿಸಲಲ್ಲಿ ಸಿಗುವ ನಿರ್ಗತಿಕ ಸಿರಿವಂತರ ಮನೆಗೆ ಬಟ್ಲರನಾಗಿ ಬಂದು, ಆ ಮನೆಯವರಿಗೆ ಬುದ್ಧಿ ಕಲಿಸುತ್ತಾನೆ.

ಖರ್ಚು ಮಾಡುವ ಶಿಕ್ಷೆ

ಇನ್ನೊಂದು ಕವಲು ಇದಕ್ಕೂ ಹಳೆಯದು. ಜಾರ್ಜ್ ಬಾರ್ ಮೆಕಚನ್ 1902ರಲ್ಲಿ ಬರೆದ ‘ಬ್ರೂಸ್ಟರ್ಸ್ ಮಿಲಿಯನ್ಸ್’ ಕಾದಂಬರಿಯಲ್ಲಿ ತಾತನಿಂದ ಬಂದ ಹತ್ತು ಲಕ್ಷವನ್ನು ಗಡುವಿನೊಳಗೆ ಪೂರ್ತಿ ಕರಗಿಸಿ ಬರಿಗೈಯಾದರೆ ಮಾತ್ರ ಮಾವನ ಎಪ್ಪತ್ತು ಲಕ್ಷ ಸಿಗುತ್ತದೆ. ಕಾರಣವನ್ನು ಯಾರಿಗೂ ಹೇಳುವಂತಿಲ್ಲ. ಇದು 1914ರಿಂದಲೇ ಮತ್ತೆ ಮತ್ತೆ ಚಿತ್ರವಾಯಿತು. ಅಲನ್ ಡ್ವಾನ್ 1945ರಲ್ಲಿ ತೆಗೆದ ಚಿತ್ರದಲ್ಲಿ ನಾಯಕ ಯುದ್ಧದಿಂದ ಮರಳಿದ ಸೈನಿಕ. ಅದರಲ್ಲಿ ಕಪ್ಪು ಜನಾಂಗದ ನಟ ಎಡ್ಡಿ ಆಂಡರ್ಸನ್ ಅವರ ಪಾತ್ರ ಬಿಳಿಯರೊಡನೆ ಸಲಿಗೆಯಿಂದ ಇದೆ ಎಂಬ ಕಾರಣಕ್ಕೆ ಮೆಂಫಿಸ್ ನಗರದ ಸೆನ್ಸಾರ್ ಚಿತ್ರವನ್ನೇ ತಡೆಯಿತು. 1985ರ ಚಿತ್ರದಲ್ಲಿ ರಿಚರ್ಡ್ ಪ್ರೈಯರ್ ಮೂವತ್ತು ದಿನದಲ್ಲಿ ಮೂರು ಕೋಟಿ ಡಾಲರ್ ಕರಗಿಸಬೇಕಾಗುತ್ತದೆ.

ಭಾರತಕ್ಕೆ ಹೆಚ್ಚು ಒಗ್ಗಿದ್ದು ಈ ಕವಲೇ. ತೆಲುಗಿನಲ್ಲಿ ಎನ್.ಟಿ. ರಾಮರಾವ್ ಅಭಿನಯದ ‘ವದ್ದಂಟೆ ಡಬ್ಬು’ 1954ರಲ್ಲೇ ಬಂತು. ನಿರ್ದೇಶಕ ವೈ.ಆರ್. ಸ್ವಾಮಿ, ಮುಂದೆ ಕನ್ನಡದಲ್ಲಿ ರಾಜ್‌ಕುಮಾರ್ ಅವರ ‘ಸ್ವರ್ಣಗೌರಿ’ (1962) ತೆಗೆದವರು. ಹಿಂದಿಯಲ್ಲಿ ನಸೀರುದ್ದೀನ್ ಶಾ ಅವರ ‘ಮಾಲಾಮಾಲ್’ (1988), ತಮಿಳಿನಲ್ಲಿ ರಜನೀಕಾಂತ್ ಅವರ ‘ಅರುಣಾಚಲಂ’ (1997) ಬಂದವು. ‘ಅರುಣಾಚಲಂ’ನಲ್ಲಿ ಮೂವತ್ತು ದಿನದಲ್ಲಿ ಮೂವತ್ತು ಕೋಟಿ ಖಾಲಿ ಮಾಡಿದರೆ ಮೂರು ಸಾವಿರ ಕೋಟಿ ದಕ್ಕುತ್ತದೆ. ತಮಿಳು ಪ್ರೇಕ್ಷಕರು ದೊಡ್ಡ ಸಂಖ್ಯೆಯಲ್ಲಿರುವ ಹಲಸೂರು, ಶಿವಾಜಿನಗರಗಳಿಗೆ ರಜನೀಕಾಂತ್ ಪರದೆಯ ತಾರೆ ಮಾತ್ರವಲ್ಲ, ಇದೇ ಊರಿನ ಬಿ.ಟಿ.ಎಸ್. ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರ್ ಕೂಡ. ಕಂಡಕ್ಟರನ ಕೈಯಲ್ಲಿ ಮೂವತ್ತು ಕೋಟಿ ಎಂಬ ಕಲ್ಪನೆ ಬೇರೆ ಯಾವ ಊರಿಗಿಂತ ಇಲ್ಲಿ ಹೆಚ್ಚು ಹತ್ತಿರದ್ದು.

ದಂಡಿನ ಪರದೆ

1809ರಲ್ಲಿ ಬ್ರಿಟಿಷ್ ಪಡೆಗಳ ನೆಲೆಯಾಗಿ ಹುಟ್ಟಿದ ದಂಡು, 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ಮರಳಿದ ಮೇಲೂ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಸಂಸ್ಥಾನಕ್ಕೆ ಸೇರಿದ್ದು 1947ರಲ್ಲಿ, ಪೇಟೆಯೊಂದಿಗೆ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಕಬ್ಬನ್ ಪಾರ್ಕಿನ ಆಚೆ ಪೇಟೆ, ಈಚೆ ದಂಡು. ಸಿನಿಮಾ ಲೋಕವೂ ಹಾಗೆಯೇ ಎರಡಾಗಿತ್ತು. ಸೌತ್ ಪೆರೇಡ್, ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳ ಸುತ್ತ ಇಂಗ್ಲಿಷ್ ಚಿತ್ರಗಳ ಮಂದಿರಗಳು ನೆಲೆಯೂರಿದವು. ‘ಡೀಡ್ಸ್’ ಅಮೆರಿಕದಲ್ಲಿ ತೆರೆಕಂಡ ಅದೇ 1936ರಲ್ಲಿ ಇಂದಿನ ಮಹಾತ್ಮ ಗಾಂಧಿ ರಸ್ತೆಯಾದ ಸೌತ್ ಪೆರೇಡಿನಲ್ಲಿ ಪ್ಲಾಜಾ ಬಾಗಿಲು ತೆರೆಯಿತು. ರೆಕ್ಸ್, ಒಪೆರಾ ಹೌಸ್, ಬಿ.ಆರ್.ವಿ., ಇಂಪೀರಿಯಲ್, ನಂತರದ ದಿನಗಳ ಗ್ಯಾಲಕ್ಸಿ, ಹಲಸೂರಿನ ಕಡೆಯ ಲಿಡೊ ಇದೇ ಸಾಲಿನವು. ಶಿವಾಜಿನಗರದ ಎಲ್ಜಿನ್ ಟಾಕೀಸು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾಟಕಶಾಲೆಯಾಗಿ ಹುಟ್ಟಿ ಟಾಕೀಸಾದದ್ದು.

ಈ ಮಂದಿರಗಳ ಪ್ರೇಕ್ಷಕರು ಒಂದೇ ಬಗೆಯವರಲ್ಲ. ಸೈನಿಕರು, ಆಂಗ್ಲೋ ಇಂಡಿಯನ್ ಕುಟುಂಬಗಳು, ತಮಿಳು, ಉರ್ದು ಮಾತಾಡುವ ವರ್ತಕರು ಮತ್ತು ಕೂಲಿಕಾರರು, ಪೇಟೆಯಿಂದ ಬರುವ ಕಾಲೇಜು ಹುಡುಗರು ಎಲ್ಲರೂ ಇದ್ದರು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ಬಳಿ ದೂರವಾಣಿನಗರದ ಐ.ಟಿ.ಐ. ಆರಂಭವಾದ ಮೇಲೆ ನಗರದ ಪೂರ್ವಕ್ಕೆ ತಿಂಗಳ ಸಂಬಳದ ದೊಡ್ಡ ಕಾರ್ಮಿಕ ವರ್ಗವೂ ಸೇರಿತು. ಬಾಲ್ಕನಿಯವರಿಗೆ ಮಾತು ತಿಳಿಯುತ್ತಿತ್ತು, ಗಾಂಧಿ ಕ್ಲಾಸಿನವರಿಗೆ ಆಟ ತಿಳಿಯುತ್ತಿತ್ತು. ಇಂಗ್ಲಿಷ್ ಹಾಸ್ಯಚಿತ್ರ ದಂಡಿನಲ್ಲಿ ಬೇರೂರಿದ್ದು ಈ ಎರಡು ಬಗೆಯ ನಗುವಿನ ಬಲದ ಮೇಲೆ.

ಕನ್ನಡದ ಉತ್ತರ

ದುಡ್ಡಿನ ವಿಷಯದಲ್ಲಿ ಕನ್ನಡ ಚಿತ್ರರಂಗ ಹೆಸರಿಗೆ ಗಾದೆಗಳನ್ನೇ ಎತ್ತಿಕೊಂಡಿತು. ‘ಕಾಸಿದ್ರೆ ಕೈಲಾಸ’ (1971), ಬಿ.ಆರ್. ಪಂತುಲು ಅವರ ‘ದುಡ್ಡೇ ದೊಡ್ಡಪ್ಪ’ (1966) ಇದಕ್ಕೆ ಸಾಕ್ಷಿ. ಆದರೆ ಡೀಡ್ಸ್ ಕಥೆಗೆ ತೀರ ಹತ್ತಿರ ನಿಲ್ಲುವುದು ವಿ. ಸೋಮಶೇಖರ್ ನಿರ್ದೇಶನದ ‘ಬಂಗಾರದ ಪಂಜರ’ (1974). ಕುರಿ ಕಾಯುತ್ತ ಬೆಳೆದ ಬೀರ ಶ್ರೀಮಂತ ಮನೆತನದ ಮಗನೆಂದು ಗೊತ್ತಾಗಿ, ಬಯಲಿನಿಂದ ಬಂಗಲೆಗೆ ಬರುತ್ತಾನೆ. ಪಾತ್ರ ರಾಜ್‌ಕುಮಾರ್ ಅವರದು. ಹಳ್ಳಿಯ ಮುಗ್ಧ, ಪಟ್ಟಣದ ಸಿರಿ, ಸುತ್ತ ನಾಜೂಕಿನ ಜನ ಎಂಬ ಮೂರೂ ಡೀಡ್ಸ್‌ನಲ್ಲಿರುವಂಥವೇ. ಬೇರೆಯಾಗುವುದು ಪ್ರಶ್ನೆ. ಡೀಡ್ಸ್ ಕೇಳುವುದು ಈ ದುಡ್ಡನ್ನು ಯಾರಿಗೆ ಕೊಡಲಿ ಎಂದು. ಬೀರನನ್ನು ಕಾಡುವುದು ಈ ಮನೆಯಲ್ಲಿ ನಾನು ಹೇಗಿರಲಿ ಎಂಬ ಚಿಂತೆ. ಸಿರಿಗೆ ಪಂಜರವೆಂಬ ಹೆಸರಿಟ್ಟಾಗಲೇ ಕನ್ನಡ ಚಿತ್ರ ತನ್ನ ಉತ್ತರ ಕೊಟ್ಟಾಗಿತ್ತು.

ಅದೇ ಕಾಲದ ಇನ್ನೆರಡು ಹೆಸರಾಂತ ಚಿತ್ರಗಳಲ್ಲೂ ಇದೇ ಒಲವು ಕಾಣುತ್ತದೆ. ಟಿ.ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿದ ‘ಬಂಗಾರದ ಮನುಷ್ಯ’ದ (1972) ರಾಜೀವ ದುಡಿದು ಕಟ್ಟಿದ ಸಿರಿಯನ್ನೆಲ್ಲ ಬಿಟ್ಟು ಹೊರಟುಹೋಗುತ್ತಾನೆ. ‘ಕಸ್ತೂರಿ ನಿವಾಸ’ದ (1971) ನಾಯಕ ಕೊಟ್ಟೂ ಕೊಟ್ಟೂ ಬರಿದಾಗುತ್ತಾನೆ. ಹಾಲಿವುಡ್ಡಿನಲ್ಲಿ ದುಡ್ಡು ಬರುವ ಗಳಿಗೆ ನಾಟಕೀಯ, ಕನ್ನಡದಲ್ಲಿ ದುಡ್ಡು ಬಿಡುವ ಗಳಿಗೆ ನಾಟಕೀಯ. ಒಂದು ನಗಿಸುತ್ತದೆ, ಇನ್ನೊಂದು ಅಳಿಸುತ್ತದೆ. ದಿಢೀರ್ ಸಿರಿ ಕನ್ನಡದಲ್ಲಿ ಹಾಸ್ಯಕ್ಕಿಂತ ಹೆಚ್ಚಾಗಿ ಕರುಣರಸಕ್ಕೆ ದಕ್ಕಿದ್ದು ಇದರಿಂದಲೇ.

ಎರಡು ವಾದಗಳು

ಈ ಚಿತ್ರಗಳ ಬೆಲೆ ಕಟ್ಟುವಾಗ ಎರಡು ವಾದಗಳು ಎದುರಾಗುತ್ತವೆ. ಹಸಿದವರಿಗೆ ಕನಸಿನ ಊಟ ಬಡಿಸುವ ಇವು ಕಷ್ಟದ ಮೂಲವನ್ನು ಮರೆಸುತ್ತವೆ ಎಂಬುದು ಒಂದು. ಎರಡು ಸಾವಿರ ಕುಟುಂಬಗಳಿಗೆ ಜಮೀನು ಸಿಗುವುದು ಒಬ್ಬ ಒಳ್ಳೆಯವನಿಗೆ ಆಸ್ತಿ ಬಂದದ್ದರಿಂದ. ಬರದಿದ್ದರೆ? ಈ ಪ್ರಶ್ನೆಯನ್ನು ಕಾಪ್ರಾ ಕೇಳುವುದಿಲ್ಲ. ಎರಡನೆಯ ವಾದದ ಪ್ರಕಾರ, ದುಡ್ಡು ಯೋಗ್ಯತೆಯ ಫಲವೆಂಬ ನಂಬಿಕೆಯನ್ನೇ ಇವು ಬುಡಮೇಲು ಮಾಡುತ್ತವೆ. ಡ್ರಾಪರಿನ ಹನಿಯಿಂದ ಸಿರಿವಂತನಾಗಬಹುದಾದರೆ, ಈಗಾಗಲೇ ಸಿರಿವಂತರಾಗಿರುವವರ ಹಿರಿಮೆಯಾದರೂ ಏನು? ಕಾಪ್ರಾ ಅವರಿಗೆ ಮೊದಲ ಆಕ್ಷೇಪ ಸಲ್ಲುತ್ತದೆ. ಲುಬಿಚ್, ಸ್ಟರ್ಜಸ್ ಅವರ ಪರವಾಗಿ ಎರಡನೆಯ ವಾದ ನಿಲ್ಲುತ್ತದೆ. ಇಂದು ನೋಡಿದಾಗ ಸ್ಟರ್ಜಸ್ ಹೆಚ್ಚು ತಾಜಾ ಅನ್ನಿಸುವುದಕ್ಕೂ ಅದೇ ಕಾರಣ.

ಪರದೆಯ ಹೊರಗೆ

ಕನಸು ಪರದೆಯಿಂದ ಇಳಿದು ಬೀದಿಗೂ ಬಂತು. ಕೇರಳ 1967ರಲ್ಲಿ, ತಮಿಳುನಾಡು 1968ರಲ್ಲಿ ಸರ್ಕಾರಿ ಲಾಟರಿ ಆರಂಭಿಸಿದವು. ಮುಂದೆ ಕರ್ನಾಟಕದ ಬಸ್ ನಿಲ್ದಾಣಗಳಲ್ಲೂ ಬೇರೆ ಬೇರೆ ರಾಜ್ಯಗಳ ಟಿಕೆಟ್ಟುಗಳ ಮಾಲೆ ತೂಗಾಡಿತು. ಕೂಲಿಯ ದುಡ್ಡು ಅದರಲ್ಲಿ ಕರಗುವುದನ್ನು ಕಂಡು ರಾಜ್ಯ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಟಿ.ವಿ.ಗೆ ಬಂದಾಗ ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಕೂತವರು ಪುನೀತ್ ರಾಜ್‌ಕುಮಾರ್. ತಂದೆಯ ಚಿತ್ರ ಪಂಜರವೆಂದು ಕರೆದ ಸಿರಿಯನ್ನು ಮಗ ಸಾಮಾನ್ಯ ಜನರ ಮುಂದೆ ಒಂದೊಂದೇ ಮೆಟ್ಟಿಲಾಗಿ ಇಡುತ್ತಿದ್ದರು.

ದಂಡು ಮತ್ತು ಪೂರ್ವದ ಬೆಂಗಳೂರಿನಲ್ಲಿ ಎಲ್ಲಕ್ಕಿಂತ ದೊಡ್ಡ ದಿಢೀರ್ ಸಿರಿ ನೆಲದ ಬೆಲೆಯಿಂದ ಬಂತು. ಸರ್ಕಾರಿ ದರದಲ್ಲಿ ಸೈಟು ಸಿಕ್ಕಿದ್ದ ಇಂದಿರಾನಗರದ ಸಂಬಳದಾರನೂ, ಕೆ.ಆರ್. ಪುರದಾಚೆ ರಾಗಿ ಬೆಳೆಯುತ್ತಿದ್ದ ಹೊಲದ ಒಡೆಯನೂ ಏನೂ ಮಾಡದೆ ಕೋಟಿಯ ಲೆಕ್ಕಕ್ಕೆ ಬಂದರು. ಅದೇ ಏರಿಕೆ ಸಿನಿಮಾ ಮಂದಿರಗಳ ಕೆಳಗಿನ ನೆಲವನ್ನೂ ಮುಟ್ಟಿತು. ಪ್ಲಾಜಾ ಇಂದು ಇಲ್ಲ, ಗ್ಯಾಲಕ್ಸಿ ಇಲ್ಲ, ಎಲ್ಜಿನ್ ಮುಚ್ಚಿತು. ಲಿಡೊ ಇದ್ದಲ್ಲಿ ಅದರ ಹೆಸರು ಹೊತ್ತ ಮಾಲ್ ನಿಂತಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ 31ರಂದು ಕೊನೆಯ ಆಟ ತೋರಿಸಿ ಬಾಗಿಲು ಹಾಕಿತು.